ನಿಸ್ಸಿ ಬೀಚಿಗೆ ಒಂದು ಪ್ಯಾಕೆಟ್ ಹಾಲು

ಸಾಲ್ಮಿಯಾ, ಕುವೈತ್
ಶುಕ್ರವಾರ

ಸೈಪ್ರಸ್ಸಿನ ಕಡಲತೀರಗಳ ಮಹಾಪಂಡಿತನಾದ ನನ್ನ ತಮ್ಮ ಹರ್ಷಿತನಿಗೆ,

ಮದುವೆಯ ತಯಾರಿಗೆಂದು ನಮಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತ ನಿನ್ನ ಬೀಚ್ ಪುರಾಣ ತಲುಪಿತು. ನಿನ್ನ ಮದುವೆಗೆ ಬರುವವರು ನೋಡಲೇಬೇಕಾದ ಜಾಗಗಳೆಂದು ಫ್ಯಾಮಿಲಿ ಗ್ರೂಪಿಗೆ ನೀನು ಸುರಿದ ಫೋಟೋಗಳನ್ನೆಲ್ಲ ನೋಡಿದೆ. ನಿಸ್ಸಿಯ ಮರಳು ಮೈದಾಹಿಟ್ಟಿನ ಹಾಗಿದೆಯಂತೆ, ಅದಕ್ಕೆ ಐದು ನಕ್ಷತ್ರ. ಫಿಗ್ ಟ್ರೀ ಬೇಯಲ್ಲಿ ನೀರು ಆಳವಿಲ್ಲ, ಮಕ್ಕಳಿಗೆ ಒಳ್ಳೆಯದಂತೆ. ಕೋನ್ನೋಸ್‌ಗೆ ಬೇಗ ಹೋಗದಿದ್ದರೆ ಕುರ್ಚಿ ಸಿಗದಂತೆ. ಲಾರಾದಲ್ಲಿ ಆಮೆಗಳು ಮೊಟ್ಟೆಯಿಡುತ್ತವೆ, ಆದ್ದರಿಂದ ಮೆಲ್ಲಗೆ ಹೆಜ್ಜೆ ಇಡಬೇಕಂತೆ. ಆಮೆಗಳ ಮೇಲೆ ನಿನಗಿರುವ ಮರ್ಯಾದೆ ಕಂಡು ನನಗೆ ಕಣ್ಣು ತುಂಬಿ ಬಂತು.

ಅದರ ಬೆನ್ನಿಗೇ ನನಗೊಬ್ಬಳಿಗೆ ನಿನ್ನ ವಾಯ್ಸ್ ಮೆಸೇಜ್. "ಅಕ್ಕ, ಮದುವೆ ಹೊತ್ತಿಗೆ ಅಮ್ಮ ಬೀಚಿಗೆ ಬರುದು ಬೇಡ. ಬಿಸಿಲು ಜಾಸ್ತಿ ಉಂಟು. ಮರಳಲ್ಲಿ ನಡೀಲಿಕ್ಕೆ ಆಗುದಿಲ್ಲ ಅವಳಿಗೆ, ಮಂಡಿ ಬೇರೆ. ಹೋಟೆಲ್ ರೂಮಲ್ಲಿ ಎಸಿ ಹಾಕಿ ಕೂರ್ಲಿ. ಸಂಜೆ ಡಿನ್ನರಿಗೆ ಕರ್ಕೊಂಡು ಬಾ."

ಮರಳಲ್ಲಿ ನಡೆಯಲು ಯಾರಿಗೆ ಆಗುವುದಿಲ್ಲ, ಹರ್ಷಿತ್? ದೋಣಿ ಬಂದು ನಿಲ್ಲುವ ದಕ್ಕೆಯಿಂದ ಮನೆಮನೆಗೆ ಮೀನಿನ ಬುಟ್ಟಿ ಹೊತ್ತು, ಬರಿಗಾಲಲ್ಲಿ ಸುಡುವ ಮರಳು ದಾಟಿದವಳಿಗಾ? ನಿನ್ನ ಶಾಲೆಯ ಅಂಗಿಗೆ ವಾಸನೆ ಹಿಡಿಯಬಾರದೆಂದು ಅದನ್ನು ಮಾತ್ರ ಪಕ್ಕದ ಮನೆಯ ಹಗ್ಗದಲ್ಲಿ ಒಣಹಾಕುತ್ತಿದ್ದವಳಿಗಾ? ಈಗ ಕುವೈತಿನ ಶುವೈಖ್‌ನ ಶೋರೂಮಿನಲ್ಲಿ ಅತ್ತರು ಪೂಸಿಕೊಂಡು ಕಾರು ಮಾರುತ್ತೀ, ಮಾರು. ಆದರೆ ಅಮ್ಮನ ಮಂಡಿಯ ನೆಪ ನನಗೆ ಹೇಳಬೇಡ. ನಾನು ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ದಿನವಿಡೀ ಮಂಡಿನೋವಿನವರನ್ನೇ ನೋಡುವವಳು.

ನಿನ್ನ ಹೆದರಿಕೆ ಯಾವುದಕ್ಕೆಂದು ನನಗೆ ಗೊತ್ತು. ಆ ಸಾಯಂಕಾಲದ ಸಂಗತಿಗೆ.

ಮದುವೆ ಎಲ್ಲಿ ಎಂದಾಗ ನಿನ್ನ ಮದುಮಗಳು ಜಾನಿಸ್‌ಳ ಮನೆಯವರು ಚರ್ಚ್ ಎಂದರು, ನಮ್ಮ ದೊಡ್ಡಪ್ಪ ದೇವಸ್ಥಾನ ಎಂದರು. ನೀವಿಬ್ಬರು ಎರಡೂ ಬೇಡ, ಸೈಪ್ರಸ್ಸಿನ ನಿಸ್ಸಿ ಬೀಚ್ ಎಂದಿರಿ. ನಿಮ್ಮ ಪರವಾಗಿ ಎಲ್ಲರ ಜೊತೆ ಜಗಳ ಕಾದವಳು ನಾನು. ಅಮ್ಮನಂತೂ ಕುಣಿಯುವುದೊಂದು ಬಾಕಿ. "ಕಡಲಿನ ಎದುರಲ್ಲಿ ಅಲ್ವಾ ಮದುವೆ? ಅದಕ್ಕಿಂತ ಒಳ್ಳೆದು ಎಂತ ಉಂಟು!" ಎಂದಳು. ಮಾತು ನಿಶ್ಚಯವಾದ ಸಾಯಂಕಾಲ ನಾವು, ಜಾನಿಸ್, ಅವಳ ಅಪ್ಪ ಪಾಯಸ್ ಅಂಕಲ್ ಎಲ್ಲರೂ ಇಲ್ಲಿಯ ಕಡಲ ದಂಡೆಗೆ ಹೋದೆವಲ್ಲ, ಅಮ್ಮ ಸೀರೆಯೊಳಗೆ ತಂಬಿಗೆ ಮುಚ್ಚಿಟ್ಟುಕೊಂಡು ಬಂದಿದ್ದಳು. ನಮ್ಮಲ್ಲಿ ಯಾವ ಶುಭಕಾರ್ಯಕ್ಕೂ ಮೊದಲು ಕಡಲಿಗೆ ಹಾಲೆರೆಯಬೇಕು. ನೀನು ಕುವೈತಿಗೆ ಹೊರಟ ದಿನವೂ ಎರೆದಿದ್ದಳು. ಈ ಊರಿನಲ್ಲಿ ತೆಂಗಿನಕಾಯಿ ಒಡೆಯುವ ಹಾಗಿಲ್ಲ ಎಂದು ಅವಳಿಗೂ ತಿಳಿದಿತ್ತು. ಹಾಲು ಮಾತ್ರ ಸಾಕು ಎಂದಿದ್ದಳು.

ಬಕಾಲಾ ಅಂಗಡಿಗೆ ಅವಳೇ ಹೋಗಿ ಪ್ಯಾಕೆಟ್ ತಂದಳು. ಅರಬಿ, ಇಂಗ್ಲಿಷ್ ಎರಡೂ ಓದಲು ಬಾರದವಳು. ಬಿಳಿ ಪ್ಯಾಕೆಟ್, ಮೇಲೆ ದನದ ಚಿತ್ರ. ತಂಬಿಗೆಗೆ ಸುರಿದು, ಕಣ್ಣು ಮುಚ್ಚಿ, ನೀರಿಗೆ ಎರೆದ ಮೇಲೆ ಕೈ ಮೂಸಿ ನೋಡಿದಳು. ಲಬನ್! ಹುಳಿ ಮಜ್ಜಿಗೆ. ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಒಂದು ಪ್ಯಾಕೆಟ್ ಹಾಲು ತಂದುಕೊಡು ಮಗಾ, ಹುಳಿ ಕೊಟ್ಟು ಹೋಗ್ಲಿಕ್ಕೆ ಆಗುದಿಲ್ಲ" ಎಂದು ನಿನ್ನ ಕೈ ಹಿಡಿದಳು. ಬಕಾಲಾ ರಸ್ತೆಯ ಆಚೆ ಬದಿಗೇ ಇತ್ತು. ನೀನು ಆಚೆ ಈಚೆ ನೋಡಿ, "ಖಲಾಸ್ ಅಮ್ಮ, ಸೀನ್ ಮಾಡ್ಬೇಡ" ಎಂದೆ. ಮತ್ತೆ ಪಾಯಸ್ ಅಂಕಲ್ ಕಡೆ ತಿರುಗಿ, ಅಮ್ಮನಿಗೆ ವಯಸ್ಸಾಯಿತು, ಸ್ವಲ್ಪ ಮರೆವು ಎಂದು ನಕ್ಕೆ. ಅಪ್ಪನ ವಿಷಯ ಅವರು ಕೇಳಿದಾಗ ಏನು ಹೇಳಿದೆ? ಮರೈನ್ ಲೈನಿನಲ್ಲಿದ್ದರು! ಬೇರೆಯವರ ದೋಣಿಯಲ್ಲಿ ಬಲೆ ಎಳೆದು ಎಳೆದು ಅಂಗೈಯ ರೇಖೆಯನ್ನೇ ಕಳೆದುಕೊಂಡ ನಮ್ಮ ಅಪ್ಪ ರೋಹಿದಾಸ, ಸತ್ತ ಮೇಲೆ ನಿನ್ನ ದಯೆಯಿಂದ ದೊಡ್ಡ ಸಾಹೇಬರಾದರು.  ಕೂಡಿದವರ ಮುಂದೆ ಜಗಳ ಬೇಡವೆಂದು ನಾನು ಅಮ್ಮನ ತಂಬಿಗೆ ತೊಳೆಯಲು ಹೋದೆ.

ಅಂದಿನಿಂದ ಅಮ್ಮನಿಗೆ ಒಂದೇ ಚಿಂತೆ. ಮಗನ ಮದುವೆಗೆ ಮೊದಲು ಕಡಲಿಗೆ ಹುಳಿ ಕೊಟ್ಟೆ, ನಿಸ್ಸಿಯಲ್ಲಾದರೂ ಸರಿಯಾಗಿ ಹಾಲೆರೆಯಬೇಕು. "ಆ ನೀರು, ಈ ನೀರು ಎಲ್ಲ ಒಂದೇ ಅಲ್ವಾ ಮಗಳೇ?" ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ. ವೀಸಾ ಬಂದ ದಿನವೇ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮದುವೆಗೆಂದು ತಂದ ಸೀರೆಯ ಮಡಿಕೆಯಲ್ಲಿಟ್ಟಿದ್ದಳು. ನಿನ್ನ ವಾಯ್ಸ್ ಮೆಸೇಜನ್ನು ನಾನು ಅಡುಗೆಮನೆಯಲ್ಲೇ ಹಾಕಿಬಿಟ್ಟೆ, ಅವಳು ಒಳಕೋಣೆಯಲ್ಲಿದ್ದಾಳೆಂದುಕೊಂಡು. ಅವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.  ಹೋಗಿ ಬ್ಯಾಗಿನಿಂದ ತಂಬಿಗೆ ತೆಗೆದು ತಂದು ಪಾತ್ರೆಗಳ ಜೊತೆ ಕವುಚಿ ಇಟ್ಟಳು.

ಹರ್ಷಿತ್, ನೀನು ಎದುರಿಗಿದ್ದಿದ್ದರೆ ನಿನ್ನ ಕೆನ್ನೆ ಊದುತ್ತಿತ್ತು. ಮದುಮಗನ ಫೋಟೋ ಕೆಡುತ್ತಿತ್ತು.

ನಿನ್ನೆ ಜಾನಿಸ್ ಬಂದಿದ್ದಳು. ನಾಳೆ ಅಲ್ಲಿಗೆ ಹೊರಡುತ್ತಾಳಲ್ಲ, ನಿನಗೆ ಏನಾದರೂ ಕಳಿಸುವುದಿದೆಯೇ ಎಂದು ಕೇಳಲು. ಒಣಸೀಗಡಿಯ ಚಟ್ನಿಗೆ ಎರಡು ಸಲ ಅನ್ನ ಹಾಕಿಸಿಕೊಂಡಳು. ತಟ್ಟೆ ಇಡಲು ಹೋದವಳು ಅಂದು ಕಡಲ ದಂಡೆಯಲ್ಲಿ ಕಂಡ ತಂಬಿಗೆ ನೋಡಿ ಇದು ಯಾಕೆ ಎಂದಳು. ಅಮ್ಮನಿಗೆ ಸುಳ್ಳು ಬರುವುದಿಲ್ಲ, ಅದು ನಿನಗೆ ಎಲ್ಲಿಂದ ಬಂತೋ. ಹಾಲು, ಲಬನ್, ಬುಟ್ಟಿ, ಅಪ್ಪ, ದೋಣಿ, ಎಲ್ಲ ಹೇಳಿದಳು. ಜಾನಿಸ್ ಕೇಳಿದ್ದು ಇಷ್ಟೇ: "ಆಂಟಿ, ನೀವು ಫಿಶ್ ಸೇಲ್ ಮಾಡಿ ಹರ್ಷಿತನನ್ನು ಓದಿಸಿದ್ದಾ? ಅವನು ಯಾಕೆ ನನಗೆ ಹೇಳ್ಲಿಲ್ಲ?" ಆ ಪ್ರಶ್ನೆಗೆ ಉತ್ತರ ನೀನೇ ಕೊಡು. ಅವಳಿಗೆ ಕನ್ನಡ ಓದಲು ಬಾರದು, ಆದರೆ ಅರ್ಥವಾಗುತ್ತದೆ. ಆದ್ದರಿಂದ ಈ ಕಾಗದವನ್ನು ಅವಳಿಗೆ ಪೂರ್ತಿ ಓದಿ ಹೇಳಿಯೇ ಅವಳ ಕೈಗೆ ಕೊಡುತ್ತಿದ್ದೇನೆ. ತಂಬಿಗೆಯೂ ಅವಳ ಪೆಟ್ಟಿಗೆಯಲ್ಲೇ ಬರುತ್ತಿದೆ. ಅವಳೇ ಕೇಳಿ ಇಸಿದುಕೊಂಡಳು.

ಅಮ್ಮ ನಿಸ್ಸಿಯ ಮರಳಿಗೆ ಇಳಿಯುತ್ತಾಳೆ. ಎಲ್ಲರಿಗಿಂತ ಮೊದಲು, ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ. ಅಲ್ಲಿಯ ಪ್ಯಾಕೆಟ್ಟಿನ ಮೇಲಿನ ಗ್ರೀಕ್ ನನಗೂ ಓದಲು ಬಾರದು. ಆದರೆ ಈ ಸಲ ಲೋಟಕ್ಕೆ ಸ್ವಲ್ಪ ಹಾಕಿ ಮೊದಲು ತಾನು ಕುಡಿದು ನೋಡುತ್ತೇನೆಂದು ನಿನ್ನ ಮದುಮಗಳು ಮಾತು ಕೊಟ್ಟಿದ್ದಾಳೆ. ನೀನು ನಮ್ಮ ಜೊತೆ ನಿಲ್ಲಲೇಬೇಕೆಂಬ ಒತ್ತಾಯವೇನೂ ಇಲ್ಲ. ನಾಚಿಕೆಯಾದರೆ ಹೋಟೆಲ್ ರೂಮಿನಲ್ಲಿ ಎಸಿ ಹಾಕಿ ಕೂತಿರು. ಬಿಸಿಲು ಜಾಸ್ತಿ ಉಂಟು, ಮರಳಲ್ಲಿ ನಡೆಯುವುದು ಕಷ್ಟ, ನಿನ್ನ ಮಂಡಿ ಜೋಪಾನ.

ಹಿರಿಯಳಾದ ತಪ್ಪಿಗೆ ಹರಸಲೇಬೇಕಲ್ಲ: ಕಡಲಮ್ಮ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಅವಳನ್ನು ಸ್ವಲ್ಪ ಹೆಚ್ಚು.

ಸಿಟ್ಟು ಇಳಿಯದ ನಿನ್ನ ಅಕ್ಕ,
ಅಶ್ಮಿತಾ