ನಾಲ್ಕು ವಿಷಯವೂ ಬೇಕೆಂದ ಹುಡುಗಿ

ನನ್ನ ಅಪ್ಪನಿಗೆ,

ಸುಸ್ತಾಗಿದೆ ಅಪ್ಪ. ಮದುವೆಯಾಗಿ ಇನ್ನೂ ಮೈಮೇಲಿನ ಅರಿಶಿನ ಆರದವಳು ಹೀಗೆ ಪತ್ರ ಶುರುಮಾಡಬಾರದು, ಗೊತ್ತು. ಸಂತೋಷದ ಸುದ್ದಿಯನ್ನೇ ಮೊದಲು ಹೇಳಬೇಕಿತ್ತು. ಹರೀಶ ಒಳ್ಳೆಯವನು, ತುಂಬಾ ಅಂದರೆ ತುಂಬಾ ಒಳ್ಳೆಯವನು, ನಾನು ಮಾಡಿದ ಉಪ್ಪಿಲ್ಲದ ಬಸ್ಸಾರನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡವನು. ಅವನ ವಿಷಯ ಬರೆಯುತ್ತಾ ಹೋದರೆ ಪುಟ ಮುಗಿಯುತ್ತದೆ. ನೀನಿದ್ದಿದ್ದರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, 'ಆಯ್ತಲ್ಲ, ಈಗ ವಿಷಯಕ್ಕೆ ಬಾ' ಅನ್ನುತ್ತಿದ್ದೆ. ಅದೇ ಮೇಜಿನ ಮುಂದೆ ಕೂತಿದ್ದೇನೆ. ಆಷಾಢ ಅಂತ ತೌರಿಗೆ ಕಳಿಸಿದ್ದಾರೆ. ಬೆಳಿಗ್ಗೆ ಬಸ್ಸು ಹಿಡಿದು ಶಿಡ್ಲಘಟ್ಟದ ಶಾಲೆಗೆ ಹೋಗಿ ವಿಜ್ಞಾನ ಪಾಠ ಮಾಡಿ, ಸಂಜೆ ಚಿಕ್ಕಬಳ್ಳಾಪುರಕ್ಕೆ ವಾಪಸ್ಸು ಬಂದು, ಮತ್ತೆ ಮನೆಯಲ್ಲಿ ಇನ್ನೊಂದು ಪಾಠ. ಆ ಇನ್ನೊಂದು ಪಾಠದ ಬಗ್ಗೆಯೇ ನಿನಗೆ ಬರೆಯಬೇಕಿತ್ತು.

ಹತ್ತನೇ ಕ್ಲಾಸಿನ ರಿಸಲ್ಟ್ ಬಂತೆಂದರೆ ನಮ್ಮ ಜಗಲಿ ತುಂಬುತ್ತಿದ್ದದ್ದು ನೆನಪಿದೆಯಾ? ಪಿಯು ಕಾಲೇಜಿನ ಗಣಿತದ ಮೇಷ್ಟ್ರು ಏನು ಹೇಳುತ್ತಾರೋ ಅದೇ ಕಾಂಬಿನೇಷನ್ ಅಂತ ಗೌರಿಬಿದನೂರಿನಿಂದ, ಚಿಂತಾಮಣಿಯಿಂದೆಲ್ಲ ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು. ನೀನು ಮಾರ್ಕ್ಸ್ ಕಾರ್ಡನ್ನು ಬೋರಲು ಇಟ್ಟು, ಹುಡುಗನನ್ನು ಮಾತ್ರ ನೋಡಿ, "ಯಾವ ಪಾಠ ಓದ್ತಾ ಕೂತಾಗ ತಟ್ಟೇಲಿ ಊಟ ಆರಿಹೋಗಿದೆ, ಅದನ್ನ ಹೇಳಪ್ಪ" ಅನ್ನುತ್ತಿದ್ದೆ. ಚಿಂತಾಮಣಿ ಕಡೆಯ ಒಬ್ಬ ಅಪ್ಪ, "ಸಾರ್, ಇವನು ಊಟ ಆರೋಕೆ ಬಿಟ್ಟೋನೇ ಅಲ್ಲ" ಅಂದಾಗ ನೀನು ನಕ್ಕ ನಗು ಅಡುಗೆಮನೆವರೆಗೂ ಕೇಳಿತ್ತು. ಆಗ ನನಗೆ ಇದೆಲ್ಲ ತಮಾಷೆ. ಮಕ್ಕಳಿಗೆ ವಿಷಯ ಆರಿಸಿಕೊಡುವುದು ಇಷ್ಟು ಹೆದರಿಕೆಯ ಕೆಲಸ ಅಂತ ನೀನು ಒಂದು ದಿನವಾದರೂ ಹೇಳಬಾರದಿತ್ತಾ?

ಮೇಲೂರಿನ ಗಂಡನ ಮನೆಗೆ ಹೋಗಿ ಒಂದು ತಿಂಗಳಾಗಿತ್ತಷ್ಟೆ, ನನ್ನ ನಾದಿನಿಯ ರಿಸಲ್ಟ್ ಬಂತು. ಸಿಂಚನ. ಅವಳನ್ನು ನೀನು ನೋಡಬೇಕಿತ್ತು ಅಪ್ಪ. ಮನೆಯವರೆಲ್ಲ ರೇಷ್ಮೆ ಹುಳು ಸಾಕಿ ಗೂಡು ಮಾರಿದರೆ, ಇವಳು ಸತ್ತ ಹುಳುವನ್ನು ಬ್ಲೇಡಿನಿಂದ ಸೀಳಿ, 'ಇದರ ಹೃದಯ ಬೆನ್ನಿನ ಉದ್ದಕ್ಕೂ ಇದೆ ಅತ್ತಿಗೆ, ನಮ್ ಥರ ಒಂದು ಕಡೆ ಇಲ್ಲ' ಅಂತ ತೋರಿಸುತ್ತಾಳೆ. ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಅವಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಬೇಕು. ನಾಲ್ಕೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ಸಭೆ ಸೇರಿತು.

"ಗಣಿತ ಯಾಕಮ್ಮ ನಿಂಗೆ? ಹುಳ ಲೆಕ್ಕ ಹಾಕ್ತೀಯಾ?" ಅಂದರು ಮಾವ.

"ಗಣಿತ ಇಲ್ದೆ ಫಿಸಿಕ್ಸ್ ಅರ್ಥ ಆಗಲ್ಲಪ್ಪ."

"ಹಂಗಾದ್ರೆ ಫಿಸಿಕ್ಸೂ ಬಿಡು. ಆರ್ಟ್ಸ್ ತಗೋ. ಶಿಡ್ಲಘಟ್ಟದಲ್ಲೇ ಸೇರಿಸ್ತೀನಿ, ಆರಾಮಾಗಿ ಓದ್ಕೊಂಡಿರು."

ಅತ್ತೆ ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮ. ನೀನು ಇಂಗ್ಲಿಷ್‌ನಲ್ಲಿ ಓದ್ದೋಳು, ನಿಮ್ಮಪ್ಪ ಊರಿಗೆಲ್ಲ ಹೇಳ್ತಿದ್ರಂತೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ನಿನ್ನ ಹಾಗೆಯೇ ಮಾರ್ಕ್ಸ್ ಕಾರ್ಡ್ ಬೋರಲು ಹಾಕಿ, ಊಟ ಆರಿಹೋದ ಪ್ರಶ್ನೆ ಕೇಳಿದೆ. ಸಿಂಚು ಯೋಚಿಸಿ, "ಎಲ್ಲಾದ್ರಲ್ಲೂ ಆರಿದೆ ಅತ್ತಿಗೆ" ಅಂದಳು. ಇಂಥ ಉತ್ತರಕ್ಕೆ ನೀನು ಏನು ಹೇಳುತ್ತಿದ್ದೆ ಅಂತ ನನಗೆ ಗೊತ್ತಿರಲಿಲ್ಲ. ನಾಲ್ಕೂ ತಗೊಳ್ಳಲಿ, ನಾನಿದ್ದೀನಿ ಅಂದುಬಿಟ್ಟೆ. ಯಾವ ಕಾಲೇಜು ಅಂದದ್ದಕ್ಕೆ ಅವಳು, "ಅತ್ತಿಗೆಯೋರ ಅಪ್ಪ ಪಾಠ ಮಾಡ್ತಿದ್ದ ಕಾಲೇಜು" ಅಂದಳು. ನಾನು ಎದ್ದು ಒಳಗೆ ಹೋದೆ. ಹರೀಶ ಹಿಂದೆಯೇ ಬಂದು ನೀರು ಕೊಟ್ಟ. ಇಂಥವನು ಅಪ್ಪ ಅವನು.

ಆಮೇಲೆ ನಾನು ಹಾಕಿದ ಟೈಮ್‌ಟೇಬಲ್ ನೋಡಿದ್ದರೆ ನೀನು ಹೆಮ್ಮೆಪಡುತ್ತಿದ್ದೆ, ಅಥವಾ ತಲೆ ಚಚ್ಚಿಕೊಳ್ಳುತ್ತಿದ್ದೆ. ಬೆಳಗಿನ ಜಾವ ಗಣಿತ. ಮೇಲೂರಿನಿಂದ ಶಿಡ್ಲಘಟ್ಟದ ಬಸ್ಸಿನಲ್ಲಿ ರಸಾಯನಶಾಸ್ತ್ರದ ಸೂತ್ರ. ಅಲ್ಲಿ ಚಿಕ್ಕಬಳ್ಳಾಪುರದ ಬಸ್ಸಿಗೆ ಬದಲಾಯಿಸಿದ ಮೇಲೆ ಇಂಗ್ಲಿಷ್ ಪದಗಳು. ಕಾಲೇಜು ಮುಗಿದ ಮೇಲೆ ಡಾಕ್ಟರ್ ಸೀಟಿನ ಪರೀಕ್ಷೆಗೆ ಕೋಚಿಂಗ್, ಭಾನುವಾರ ಇಂಜಿನಿಯರಿಂಗ್ ಪರೀಕ್ಷೆಗೆ ಆನ್‌ಲೈನ್ ಕ್ಲಾಸು. ಬಣ್ಣಬಣ್ಣದ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮೊದಲ ದಿನ ಸಂಜೆ ಸಿಂಚು ಬಂದು, "ಜವಕ್ಕೂ ವೇಗಕ್ಕೂ ವ್ಯತ್ಯಾಸ ನಂಗೆ ಚೆನ್ನಾಗಿ ಗೊತ್ತು ಅತ್ತಿಗೆ. ಸ್ಪೀಡು ವೆಲಾಸಿಟಿಲಿ ಯಾವುದು ಯಾವುದು ಅಂತ ಗೊತ್ತಾಗ್ದೆ ಬಾಯಿ ಮುಚ್ಕೊಂಡು ಕೂತಿದ್ದೆ" ಅಂದಳು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರುವುದು... ನಾನು ಇಂಗ್ಲಿಷ್ ಶಾಲೆಯಲ್ಲಿ ಗೊತ್ತಿಲ್ಲದಿದ್ದರೂ ಬಾಯಿ ಬಿಟ್ಟು ಬೆಳೆದವಳು. ಆ ಸಂಕಟ ನನಗೆ ಹೇಗೆ ತಿಳಿಯಬೇಕಿತ್ತು?

ಆ ಟೈಮ್‌ಟೇಬಲ್ಲಿನಲ್ಲಿ ಎಲ್ಲವೂ ಇತ್ತು, ಹುಳು ಒಂದು ಬಿಟ್ಟು. ಪೇಟೆಯಲ್ಲಿ ಬೆಳೆದ ನನಗೆ ಅದು ಹೊಳೆಯಲೇ ಇಲ್ಲ. ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ರೇಷ್ಮೆ ಹುಳು ತಿನ್ನುವುದನ್ನು ನೀನು ನೋಡಿದ್ದೀಯಾ? ಹುಳದ ಮನೆಯೊಳಗೆ ನಿಂತರೆ ಒಣ ಎಲೆಗಳ ಮೇಲೆ ಯಾರೋ ನಡೆಯುತ್ತಲೇ ಇರುವ ಹಾಗೆ ಸದ್ದು. ಆ ವಾರ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು, ಹಾಕಿ ಮುಗಿಯುವಷ್ಟರಲ್ಲಿ ಮತ್ತೆ ಹಾಕಬೇಕು. ಹುಳು ಮೇವು ಬಿಟ್ಟು ಹಣ್ಣಾದ ದಿನ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಕಾಲೇಜಿನ ಮೊದಲ ಟೆಸ್ಟು ಸರಿಯಾಗಿ ಅದೇ ವಾರ ಬಂತು. ಸಿಂಚು ಸೊಪ್ಪಿನ ಹೊರೆಗೆ ಒರಗಿಕೊಂಡು, ತೊಡೆಯ ಮೇಲೆ ಫಿಸಿಕ್ಸ್ ಪುಸ್ತಕ ಇಟ್ಟುಕೊಂಡೇ ನಿದ್ದೆಹೋಗಿದ್ದಳು. ನಾನು, ಇವತ್ತೊಂದು ದಿನ ಅವಳನ್ನು ಬಿಡಿ ಅತ್ತೆ ಅಂದೆ. ಅತ್ತೆಗೆ ಸಿಟ್ಟು ಬರಲಿಲ್ಲ, ಅವರೂ ನನ್ನಷ್ಟೇ ದಣಿದಿದ್ದರು. "ಹುಳಕ್ಕೆ ಟೆಸ್ಟು ಅಂದ್ರೆ ತಿಳಿಯುತ್ತಾ ತಾಯಿ?" ಅಂದರು ಅಷ್ಟೆ.

ಫಿಸಿಕ್ಸಿನಲ್ಲಿ ಫೇಲು. ಗಣಿತದಲ್ಲಿ ಅಂಚಿನಲ್ಲಿ ಪಾಸು. ಮಾವ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ತಿಂಗಳ ಕೊನೇವರೆಗೂ ಬದಲಾಯಿಸ್ಕೋಬಹುದಂತೆ. ಆರ್ಟ್ಸಿಗೆ ಹಾಕಿಬಿಡಣ" ಅಂದರು. ಸಿಂಚು ಅಳಲೂ ಇಲ್ಲ. ಗೋಡೆಯ ಟೈಮ್‌ಟೇಬಲ್ ಕೆಳಗೆ ನಿಂತು ನನ್ನ ಮುಖ ನೋಡಿದಳು.

ಪಿಯುಸಿ ಮೊದಲ ವರ್ಷದಲ್ಲಿ ನಾನು ಜೀವಶಾಸ್ತ್ರ ಬಿಟ್ಟುಬಿಡುತ್ತೇನೆ ಅಂತ ಅತ್ತ ದಿನ, ನೀನು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿದ್ದೆ. ಕಡಲೆಕಾಯಿ ಕೊಡಿಸಿದೆ. ಸಿಪ್ಪೆ ಸುಲಿಯುತ್ತಾ, "ವಿಷಯ ಯಾಕಮ್ಮ ಬಿಡ್ತೀಯ, ಆತುರ ಬಿಡು" ಅಂದೆ. ಮಾರನೇ ದಿನವೇ ನನ್ನ ಟ್ಯೂಷನ್ನುಗಳನ್ನೆಲ್ಲ ನಿಲ್ಲಿಸಿದೆ. ಅಮ್ಮ ನಿನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ಆ ಮಾತು ಮಾವ ಹಾಗಂದ ಮಾರನೇ ದಿನ ತೋಟದಲ್ಲಿ ನೆನಪಾಯಿತು. ಎಷ್ಟು ತಡವಾಗಿ ನೆನಪಾಯಿತು ನೋಡು.

ಮನೆಗೆ ಬಂದು ಕೋಚಿಂಗನ್ನೂ ಆನ್‌ಲೈನ್ ಕ್ಲಾಸನ್ನೂ ಹೊಡೆದುಹಾಕಿದೆ. ನಾಲ್ಕು ವಿಷಯ ಇರಲಿ, ಈ ವರ್ಷ ನಾಲ್ಕು ವಿಷಯ ಮಾತ್ರ ಇರಲಿ. ಉಳಿದ ಪರೀಕ್ಷೆಗಳ ಮಾತು ಮುಂದಿನ ವರ್ಷಕ್ಕೆ. ಮಿಕ್ಕಿದ್ದನ್ನು ಸಿಂಚುವೇ ಹೊಸದಾಗಿ ಬರೆದಳು. ಹುಳು ಪೊರೆ ಬಿಡುವಾಗ ತಿನ್ನದೆ ಮಲಗುತ್ತದೆಯಲ್ಲ, ಆಗ ಯಾರೂ ಸೊಪ್ಪು ಹಾಕುವುದಿಲ್ಲ, ಹುಳದ ಮನೆಗೆ ಹೋಗಿ ಅಲುಗಾಡಿಸುವುದೂ ಇಲ್ಲ. ಆ ದಿನಗಳಿಗೆಲ್ಲ ಅವಳು ಗಣಿತ ಹಾಕಿದಳು. ಕೊನೆಯ ವಾರಕ್ಕೆ ಜೀವಶಾಸ್ತ್ರ, ಅದು ಸೊಪ್ಪು ಹಾಕುತ್ತಾ ಬಾಯಲ್ಲಿ ಹೇಳಿಕೊಳ್ಳಬಹುದಾದ ಪಾಠ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಹಿಂದೆ ಉಳಿದ ಪಾಠಗಳಿಗೆ, ಆ ಇಂಗ್ಲಿಷಿಗೆ, ಒಂದು ತಿಂಗಳಾದರೂ ಪೂರ್ತಿ ಬೇಕಿತ್ತು. ಅಷ್ಟರಲ್ಲಿ ಆಷಾಢ ಬಂತು.

ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಹೊಸ ಗಂಡ ಹೆಂಡತಿ ಒಟ್ಟಿಗಿರಬಾರದು. ಸರಿ. ನಾದಿನಿಯ ಬಗ್ಗೆ ಶಾಸ್ತ್ರ ಏನೂ ಹೇಳಿಲ್ಲವಲ್ಲ ಅಂದೆ ನಾನು. ಸಿಂಚುವನ್ನೂ ನನ್ನ ಜೊತೆ ಕಳಿಸಿ, ನಮ್ಮ ಮನೆಯಿಂದ ಕಾಲೇಜಿಗೆ ನಡೆದೇ ಹೋಗಬಹುದು.

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಆಷಾಢಕ್ಕೆ ಸೊಸೆ ತೌರಿಗೆ ಹೋಗೋದು ಕಂಡಿದೀನಿ. ಮನೆ ಮಗಳನ್ನೂ ಜೊತೇಲಿ ಎತ್ಕೊಂಡು ಹೋಗೋದು ಇದೇ ಮೊದ್ಲು. ಬೀದಿಯೋರು ಏನಂತಾರೆ?"

"ಸೊಸೆಗೆ ಕಾವಲು ಕಳಿಸಿದ್ದೀವಿ ಅನ್ನು" ಅಂದ ಹರೀಶ.

"ನೀನು ಸುಮ್ನಿರೋ. ನಿಂಗೆ ಹೋಗಿ ಬರೋಕೊಂದು ನೆಪ ಸಿಕ್ತು."

ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳುತ್ತಿದ್ದರು. "ಹೋಗ್ಲಿ ಬಿಡು. ತಿಂಗಳ ಕೊನೇಲಿ ನೋಡ್ತೀನಿ" ಅಂದರು. ಯಾವುದನ್ನು ನೋಡುತ್ತಾರೆ, ಹೇಳಲಿಲ್ಲ.

ಹೀಗೆ ನಿನ್ನ ಕೋಣೆಯಲ್ಲಿ ಈಗ ಒಬ್ಬ ಹುಡುಗಿ ಇದ್ದಾಳೆ ಅಪ್ಪ. ನೀನು ಹೋದಾಗಿನಿಂದ ಎರಡು ವರ್ಷ ಅಮ್ಮ ಆ ಕೋಣೆಯ ಕಿಟಕಿ ತೆಗೆದಿರಲಿಲ್ಲ, ಇವಳು ಬಂದ ದಿನವೇ ಅಮ್ಮ ತೆಗೆದಳು. ಇವಳು ಗಾಳಿ ಬೇಕು ಆಂಟಿ ಅಂದಳಂತೆ, ಅಷ್ಟೆ. ದಿನಾ ಸಂಜೆ ಅವಳು ಆ ದಿನದ ಪಾಠವನ್ನು ಕನ್ನಡದಲ್ಲಿ ನನಗೆ ಹೇಳುತ್ತಾಳೆ, ನಾನು ಅದನ್ನೇ ಇಂಗ್ಲಿಷಿನಲ್ಲಿ ಅವಳಿಗೆ ಹೇಳುತ್ತೇನೆ. ಕನ್ನಡದಲ್ಲಿ ಕೇಳಿದ ಮೇಲೆ ನನಗೇ ಕೆಲವು ಪಾಠ ಮೊದಲ ಸಲ ಅರ್ಥವಾಗುತ್ತಿವೆ. ಆದರೆ ನನ್ನ ಕಣ್ಣು ಮುಚ್ಚಿಹೋಗುತ್ತವೆ. ಅವಳ ಕಣ್ಣೂ. ಒಬ್ಬರು ತೂಕಡಿಸಿದರೆ ಇನ್ನೊಬ್ಬರು ಸ್ಕೇಲಿನಿಂದ ಮೇಜು ಕುಟ್ಟುತ್ತೇವೆ. ಹರೀಶ ತಂಗಿಗೆ ಜಾಮಿಟ್ರಿ ಬಾಕ್ಸ್ ಕೊಡುವ ನೆಪದಲ್ಲಿ ಬಂದಿದ್ದ. ಅಮ್ಮ ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು, "ಕೊನೇ ಬಸ್ಸು ತಪ್ಪೋಗುತ್ತೆ ಅಳಿಯಂದಿರೇ" ಅಂತ ಬಿಸಿಲಿರುವಾಗಲೇ ಎಬ್ಬಿಸಿ ಕಳಿಸಿದಳು. ಮೂರು ಮಾತಾಡಿದೆವೇನೋ. ಅದನ್ನೇ ನೆನೆಸಿಕೊಂಡು ಇಡೀ ವಾರ ತಳ್ಳಿದೆ, ನೀನು ನಗಬೇಡ.

ಒಂದೊಂದು ಸಲ ಹೆದರಿಕೆಯಾಗುತ್ತದೆ. ಎಲ್ಲ ಮಾಡಿಯೂ ಅವಳಿಗೆ ಆಗದಿದ್ದರೆ? ನಾಲ್ಕೂ ಇರಲಿ ಅಂದವಳು ನಾನು. ನಿನಗೂ ಹೀಗೆ ಅನ್ನಿಸುತ್ತಿತ್ತಾ, ಜಗಲಿಯಿಂದ ಎದ್ದುಹೋದ ಆ ಮಕ್ಕಳನ್ನು ನೆನೆದು? ಕಳೆದ ಸೋಮವಾರ ಕ್ಲಾಸಿನಲ್ಲಿ ವೆಕ್ಟರ್ ಬಗ್ಗೆ ಪ್ರಶ್ನೆ ಕೇಳಿದಾಗ ಸಿಂಚು ಎದ್ದು ನಿಂತು ಉತ್ತರ ಹೇಳಿದಳಂತೆ, ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಹಿಂದಿನ ಬೆಂಚಿನವರು ನಕ್ಕರಂತೆ. "ನೀನೇನು ಮಾಡಿದೆ?" ಅಂದೆ. "ಉತ್ತರ ಮುಗಿಸಿ ಕೂತ್ಕೊಂಡೆ" ಅಂದಳು.

ಇವತ್ತು ಸಂಜೆ ಮಾವನ ಫೋನು ಬಂತು. ಅವರು ನನಗೆ ಫೋನು ಮಾಡುವವರಲ್ಲ. ತಿಂಗಳ ಕೊನೆ ಬಂತಲ್ಲ, ಆರ್ಟ್ಸಿನ ಮಾತೇ ಅಂದುಕೊಂಡು ಫೋನೆತ್ತಿದೆ.

"ಏನಮ್ಮ, ಆ ಹುಡುಗಿಗೆ ಮುಂದಿನ ಪರೀಕ್ಷೆ ಯಾವಾಗಂತೆ?"

ಹೇಳಿದೆ. ನಾವು ಆಷಾಢ ಮುಗಿಸಿ ಮೇಲೂರಿಗೆ ಹೋದ ಮೇಲಿನ ವಾರ ಅದು. ಆ ಕಡೆ ಲೆಕ್ಕ ಹಾಕುತ್ತಿದ್ದರು, ಬಾಯಲ್ಲಿ ಎಲೆ ಅಡಿಕೆ ಇದ್ದಂತಿತ್ತು.

"ನಾಳೆ ಚಾಕಿ ಹುಳ ತರಣ ಅಂತಿದ್ದೆ. ಈಗ ತಂದ್ರೆ ಸರಿಯಾಗಿ ಅದೇ ವಾರಕ್ಕೆ ಹಣ್ಣಾಗ್ತವೆ. ಒಂದ್ ವಾರ ತಡೆದು ತರ್ತೀನಿ ಬಿಡು."

ಚಾಕಿ ಅಂದರೆ ಮರಿಹುಳು ಅಪ್ಪ. ತರುವುದು ತಡವಾದರೆ ತೋಟದಲ್ಲಿ ಸೊಪ್ಪು ಬಲಿತು ಒರಟಾಗುತ್ತದೆ, ಅದನ್ನು ತಿಂದ ಹುಳುವಿನ ಗೂಡು ಹಗುರವಾಗುತ್ತದೆ. ಅಷ್ಟು ನನಗೂ ಈಗ ಗೊತ್ತು.

"ಸೊಪ್ಪು ಬಲಿತು ಹೋಗಲ್ವಾ ಮಾವ?"

"ಬಲೀತದೆ. ಬಲೀಲಿ." ಎಲೆ ಅಡಿಕೆ ಉಗಿದ ಸದ್ದಾಯಿತು. "ಅವಳಿಗೆ ಹೇಳಬೇಡ. ತಲೆ ಮೇಲೆ ಕೂತ್ಕೋತಾಳೆ."

ಫೋನು ಇಟ್ಟರು. ಪಕ್ಕದಲ್ಲಿ ಸಿಂಚು ತ್ರಿಕೋನಮಿತಿಯ ಲೆಕ್ಕವೊಂದನ್ನು ಮೂರನೇ ಸಲ ಅಳಿಸುತ್ತಿದ್ದಳು. ಯಾರು ಅತ್ತಿಗೆ ಅಂತ ತಲೆಯೆತ್ತದೆ ಕೇಳಿದಳು. ನಿಮ್ಮಪ್ಪ, ಸುಮ್ಮನೆ ಮಾಡಿದ್ದರು ಅಂದೆ. ಅವಳಿಗೆ ಹೇಳಲಿಲ್ಲ ಅಪ್ಪ. ನಿನಗೆ ಹೇಳದೆ ಇರಲಾಗಲಿಲ್ಲ.

ನಿನ್ನ ಮಗಳು