ಕೆಸರು ಕಚ್ಚಿದ ಕೈ

ಮಾರ್ಚ್ 3
ಬೆಳಿಗ್ಗೆ ಗಂಜಿ. ಮಧ್ಯಾಹ್ನವೂ ಗಂಜಿ. ದವಡೆಯೊಳಗಿನ ಗುಳ್ಳೆ ತೆಗೆಸಿ ವಾರವಾಯಿತು — ಇದು ಎರಡನೇ ಸಲ. ಬಾಯಿಗೆ ಹೊಲಿಗೆ. ನಮ್ಮ ಕೆ.ಆರ್. ನಗರ ಕಾಲೇಜಿನ ಸ್ಟಾಫ್ ರೂಮಿಗೆ ಶಾಂತಿ.

ಮೈಸೂರಿನ ಡಾಕ್ಟರು ಇಂದು ದವಡೆ ಬಿಟ್ಟು ಅಂಗೈ ಹಿಡಿದರು. ನೀರಲ್ಲಿ ನೆನೆಸಿದ ಮೇಲೆ ಸೂಜಿಮೊನೆಯಷ್ಟು ಕುಳಿಗಳು ಎದ್ದು ಕಂಡವು. ಭವಿಷ್ಯ ಹೇಳ್ತೀರಾ ಸಾರ್ ಅಂದೆ. ನಗಲಿಲ್ಲ. ಹೇಳಿದರು.

ಗಾರ್ಲಿನ್ ಸಿಂಡ್ರೋಮ್. ವಂಶದಲ್ಲಿ ಬರುವುದು. ಗುಳ್ಳೆ ಮರುಕಳಿಸುತ್ತದೆ, ಚರ್ಮದ ಕ್ಯಾನ್ಸರ್ ಏಳಬಹುದು. ಬಿಸಿಲು ಕೂಡದು. ಒಡಹುಟ್ಟಿದವರನ್ನು ತಡಮಾಡದೆ ತೋರಿಸಿ.

ಅಪ್ಪನ ಅಂಗೈಯೂ ಹೀಗೇ ಇತ್ತು. ಮೂಗಿನ ಮೇಲೆ ಮಾಯದ ಹುಣ್ಣು. ಪಿತ್ರಾರ್ಜಿತ ಅಂದರೆ ಮಿರ್ಲೆಯ ಗದ್ದೆ ಮಾತ್ರ ಅಂದುಕೊಂಡಿದ್ದೆ.

ಮಾರ್ಚ್ 5
ನಮ್ಮ ಮನೆಯಲ್ಲಿ ಈ ಕುಳಿಗಳಿಗೆ 'ಕೆಸರು ಕಚ್ಚಿದ್ದು' ಅನ್ನುತ್ತೇವೆ. ನಾಟಿ ಹಾಕಿದವರ ಗುರುತು. ತಂಗಿ ಪದ್ಮಶ್ರೀಯನ್ನು ನೋಡಲು ಬಂದಾಗ ಗಂಡಿನ ತಾಯಿ ಅವಳ ಅಂಗೈ ಸವರಿ, "ಗೇಯೋ ಕೈ ಕಣ್ರೀ ಇದು" ಎಂದು ಅಲ್ಲೇ ಒಪ್ಪಿದ್ದರು. ಗದ್ದೆಗೇ ಇಳಿಯದ ನನ್ನ ಕೈಗೆ ಕೆಸರು ಹೇಗೆ ಕಚ್ಚಿತು? ಫಿಸಿಕ್ಸ್ ಲೆಕ್ಚರರಿಗೆ ಒಮ್ಮೆಯೂ ಹೊಳೆಯಲಿಲ್ಲ.

ಅವ್ವನಿಗೆ ಹೇಳಿದೆ.
"ಮದ್ವೆ ಮುಗೀಲಿ ಬುಡು ಮಗ. ಆಮೇಕೆ ತೋರ್ಸುದ್ರಾಯ್ತು."
"ಅವುಳ್ ಜೀವ ಕಣವ್ವ."
"ಮದ್ವೆ ನಿಂತೋದ್ರೆ ಅವುಳ್ ಬಾಳು?"
ಸುಮ್ಮನಾದೆ. ಹೊಲಿಗೆಯ ನೆಪ ಇತ್ತಲ್ಲ.

ಮಾರ್ಚ್ 9, ಸಂಜೆ
ಪದ್ಮ ಲವಂಗ ಕಚ್ಚಿಕೊಂಡು ಓಡಾಡುತ್ತಿದ್ದಾಳೆ. ಕೆನ್ನೆ ಊದಿದೆ.
"ನಿಂಗೇನಂದ್ರಣ್ಣ ಡಾಕ್ಟ್ರು?"
"ಮಾತಾಡಿ ಮಾತಾಡಿ ದವಡೆ ಸವೆದೈತೆ ಅಂದ್ರು."
"ಅದೇನ್ ಸುಳ್ಳಲ್ಲ ಬುಡು."
ನಕ್ಕಳು, ಕೆನ್ನೆ ಹಿಡಿದುಕೊಂಡು. ನಾನೂ ನಕ್ಕೆ. ಥೂ.

ಮಾರ್ಚ್ 17
ಲಗ್ನಪತ್ರಿಕೆ ಕೊಡಲು ಭೇರ್ಯಕ್ಕೆ ಹೊರಟಳು, ಮಟಮಟ ಬಿಸಿಲಲ್ಲಿ. ಛತ್ರಿ ತಗೊ ಅಂದೆ. ಯಾಕೆ ಅಂದಳು. ಮದುಮಗಳು ಕಪ್ಪಾಗಬಾರದು ಅಂದೆ.
ಛತ್ರಿ ಯಾರೆಂದು ನನಗೆ ಗೊತ್ತು.

ಮಾರ್ಚ್ 19
ಗಂಡು ಶರತ್ ಫೋನ್ ಮಾಡಿದ. "ಭಾವ, ಪದ್ಮಂಗೆ ನಿದ್ದೇನೇ ಇಲ್ವಂತೆ. ನಿಮ್ಗೂ ಇಂಗೇ ಆಗಿತ್ತಂತಲ್ಲ. ನಾಳೀಕೆ ನಾನೇ ಮೈಸೂರ್ಗೆ ಕರ್ಕೊಂಡೋಗ್ತೀನಿ. ಡಾಕ್ಟ್ರ ಹೆಸ್ರೇಳಿ."
ಬಾಗಿಲಲ್ಲಿ ನಿಂತ ಅವ್ವ ಬೇಡವೆಂದು ತಲೆಯಾಡಿಸಿದಳು. ಹೆಸರು ಹೇಳಿದೆ.

ಪದ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದೆ — ಅಪ್ಪನದು, ನನ್ನದು, ಅವಳಿಗೂ ಇರಬಹುದಾದ್ದು. ಅವಳು ಕೈ ನೋಡಿಕೊಳ್ಳಲಿಲ್ಲ. ನನ್ನನ್ನೇ ನೋಡಿದಳು.
"ಬದ್ಕೋಕಾಯ್ತದಾ?"
"ಬೇಗ ತೋರ್ಸುದ್ರೆ ಏನೂ ಆಗಲ್ಲ ಕಣವ್ವ."
"ಬೇಗ ಅಂದ್ರೆ… ಡಾಕ್ಟ್ರು ಯಾವತ್ತೇಳಿದ್ರಣ್ಣ?"
"ಮಾರ್ಚ್ ಮೂರು —"