ಪಾಳಿಯಲ್ಲಿ ನನ್ನದೊಂದು ಜಾಗ

ದುಮ್ಮವಾಡ
೧೫-೪-೨೦೨೪

ಶಾಲೆಯ ಅಮೃತಾ ಅಕ್ಕೋರಿಗೆ ಟೇಲರ್ ಶಿವಗಂಗಾ ಮಾಡುವ ನಮಸ್ಕಾರ.

ಮನೆಯಲ್ಲೇ ಓಟು ಹಾಕಲು ನೀವು ಕೊಟ್ಟುಹೋದ ಫಾರ್ಮನ್ನು ಸಹಿ ಮಾಡದೆ ತಿರುಗಿ ಕಳಿಸಿದ್ದೇನೆ. ಸಿಟ್ಟಾಗಬೇಡಿರಿ.

ನಡೆಯಲಾರದವಳೆಂದು ಹೋದ ವರ್ಷ ಐದು ಜನ ಸಾಹೇಬರು ಮನೆಗೇ ಬಂದರು. ಯಾರೂ ನೋಡಬಾರದೆಂದು ಹೊಲಿಗೆ ಮಷೀನಿನ ಮೇಲೆ ರಟ್ಟಿನ ಮರೆ ಇಟ್ಟರು. ನೋಡಲು ಮನೆಯಲ್ಲಿ ಇನ್ಯಾರಿದ್ದರು? ಚಹಾಕ್ಕೆ ನೀರಿಟ್ಟೆ. “ಬ್ಯಾಡ್ರಿ, ನಾವು ಕುಡಿಯೂ ಹಂಗಿಲ್ರಿ” ಎಂದು ಹತ್ತು ನಿಮಿಷದಲ್ಲಿ ಹೊರಟರು.

ಓಟಿನ ದಿನ ಊರೆಲ್ಲ ನನ್ನ ಬಾಗಿಲ ಮುಂದಿನಿಂದಲೇ ಶಾಲೆಗೆ ಹೋಯಿತು. ನನ್ನನ್ನು ಯಾರೂ ಕರೆಯಲಿಲ್ಲ. ನನ್ನದು ಮುಗಿದಿತ್ತಲ್ಲ.

ಈ ಸಲ ನಾನೇ ಬರುತ್ತೇನೆ. ಮೂರು ಗಾಲಿಯ ಸೈಕಲ್ ಏರುವಂತೆ ಶಾಲೆಯ ಮೆಟ್ಟಿಲಿಗೆ ಒಂದು ಹಲಗೆ ಹಾಕಿಸಿರಿ.

ಇನ್ನೊಂದು ಮಾತು. ಮೊದಲೆಲ್ಲ ನಾನು ಓಟಿಗೆ ಬಂದ ಕೂಡಲೇ, “ಪಾಪ, ಆಕಿನ್ನ ಮುಂದ ಬಿಡ್ರಿ” ಎಂದು ನೀವೇ ಒಳಗೆ ಕರೆಯುತ್ತಿದ್ದಿರಿ. ಎರಡು ನಿಮಿಷಕ್ಕೆ ಮನೆಗೆ ಬಂದುಬಿಡುತ್ತಿದ್ದೆ. ಈ ಸಲ ಹಾಗೆ ಕರೆಯಬೇಡಿರಿ. ಸಾಹುಕಾರರದೂ ಒಂದೇ ಓಟು, ನನ್ನದೂ ಒಂದೇ. ಪಾಳಿಯೂ ಒಂದೇ ಇರಲಿ. ಮುಂದಿದ್ದವರು, ಹಿಂದಿದ್ದವರು ಏನಾದರೂ ಮಾತಾಡಿಸುತ್ತಾರೆ.

ಎಷ್ಟು ತಡವಾದರೂ ನಡೆಯುತ್ತದೆ. ಆ ದಿನಕ್ಕೆ ನಾನು ಯಾರ ಹೊಲಿಗೆಯನ್ನೂ ಹಿಡಿದಿಲ್ಲ.

ನಿಮ್ಮ
ಶಿವಗಂಗಾ